ಎಲ್ಲಿ ಹಿಡೀಬೇಕು ಸ್ವಾಮಿ ಈ ಇಂಜಿನ್ನನ್ನ?

ಗೊಂಬೆಗಳಲ್ಲಿ ಎರಡು ಜಾತಿ. ಒಂದು, ನವರಾತ್ರಿಗೆ ಅಟ್ಟದಿಂದ ಇಳಿದು ಬರುವ ಮಣ್ಣಿನ ಗೊಂಬೆ. ಹಳೇ ಸೀರೆ ತುಂಡಿನಲ್ಲಿ ಸುತ್ತಿಟ್ಟಿದ್ದನ್ನು ಅಜ್ಜಿಯೇ ಬಿಚ್ಚಬೇಕು, ಅಜ್ಜಿಯೇ ಮೆಟ್ಟಿಲ ಮೇಲೆ ಕೂರಿಸಬೇಕು, ಮಕ್ಕಳು ಕೈಕಟ್ಟಿ ನಿಂತು ನೋಡಬೇಕು. ಇನ್ನೊಂದು ಚನ್ನಪಟ್ಟಣದ ಮರದ ಗೊಂಬೆ. ಅದನ್ನು ಎಸೆಯಬಹುದು, ಕಚ್ಚಬಹುದು, ಮಂಚದ ಮೇಲಿಂದ ಉರುಳಿಸಬಹುದು. ಎರಡಕ್ಕೂ ಅದರದರ ಮರ್ಯಾದೆ ಇದೆ. ತಕರಾರು ಶುರುವಾಗೋದು ಮೊದಲನೆಯದನ್ನು ಎರಡನೆಯದರ ಹೆಸರಲ್ಲಿ ಮಾರಿದಾಗ. ಈಗ ಬರ್ತಿರೋ ಹೊಸ ಮಾಡೆಲ್ ರೈಲು ಇಂಜಿನ್‌ಗಳ ಮೇಲೆ ನನ್ನ ದೂರು ಇಷ್ಟೇ. ಓಡುತ್ತೆ ಅಂತ ಮಾರ್ತಾರೆ, ಕೂರಿಸಿ ನೋಡೋಕೆ ಮಾಡಿರ್ತಾರೆ.

ಈ ಲೋಕದ ಪರಿಚಯ ಇಲ್ಲದವರಿಗೆ ಎರಡು ಮಾತು. ನಾನು ಕೆಲಸದ ಮೇಲೆ ಕೆಲವು ವರ್ಷ ಇಂಗ್ಲೆಂಡಿನಲ್ಲಿದ್ದಾಗ ಅಂಟಿಕೊಂಡ ಹುಚ್ಚು ಇದು. ಬೆಂಗಳೂರಿಗೆ ಬಂದ ಮೇಲೂ ಬಿಟ್ಟಿಲ್ಲ. ನಮ್ಮ ದೇಶದ ಇಂಜಿನ್‌ಗಳ ರೆಡಿಮೇಡ್ ಮಾಡೆಲ್‌ಗಳು ಬೆರಳೆಣಿಕೆಯಷ್ಟು, ಹಾಗಾಗಿ ನನ್ನ ಮೇಜಿನ ಮೇಲೆ ಓಡೋದು ಬ್ರಿಟಿಷ್ ರೈಲುಗಳೇ. ಅಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ಅಳತೆಗೆ 'ಡಬಲ್ ಓ' ಅಂತಾರೆ. ನಿಜವಾದ ಒಂದು ಅಡಿಗೆ ಮಾಡೆಲ್‌ನಲ್ಲಿ 4 ಮಿಲಿಮೀಟರ್, ಅಂದರೆ ಸುಮಾರು 76ರಲ್ಲಿ ಒಂದು ಪಾಲು. 1938ರಲ್ಲಿ ಗಂಟೆಗೆ 126 ಮೈಲಿ ಓಡಿ ಉಗಿ ಇಂಜಿನ್‌ಗಳ ವೇಗದ ದಾಖಲೆ ಮಾಡಿದ 'ಮಲ್ಲಾರ್ಡ್' ಈ ಅಳತೆಯಲ್ಲಿ ಸುಮಾರು 28 ಸೆಂಟಿಮೀಟರ್ ಆಗುತ್ತೆ. ಸ್ಕೂಲ್ ಸ್ಕೇಲಿಗಿಂತ ಒಂಚೂರು ಗಿಡ್ಡ. ಹಳಿಯಲ್ಲಿ 12 ವೋಲ್ಟ್ ಕರೆಂಟು, ಚಕ್ರದ ಮೂಲಕ ಒಳಗಿನ ಮೋಟಾರಿಗೆ ಹೋಗುತ್ತೆ. ಅಷ್ಟೇ ತತ್ವ.

ಈ ಡಬಲ್ ಓ ಹುಟ್ಟಿದ್ದೇ ಒಂದು ಸುಳ್ಳಿನಿಂದ ಅನ್ನೋದು ನನಗೆ ಬಹಳ ಇಷ್ಟವಾದ ಸಂಗತಿ. 4 ಮಿಲಿಮೀಟರ್ ಲೆಕ್ಕದಲ್ಲಿ ಹಳಿಗಳ ನಡುವೆ 18.83 ಮಿಲಿಮೀಟರ್ ಇರಬೇಕು. ಇರೋದು 16.5. ಯುರೋಪಿನ ಎಚ್‌ಓ ಅಳತೆಯ ಹಳಿ ಅದು. ಬ್ರಿಟನ್ನಿನ ಇಂಜಿನ್‌ಗಳು ಮೊದಲೇ ಸಣಕಲು, ಎಚ್‌ಓ ಅಳತೆಯಲ್ಲಿ ಮಾಡಿದರೆ ಆ ಕಾಲದ ಮೋಟಾರು ಒಳಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಹಳಿ ಅದನ್ನೇ ಇಟ್ಟುಕೊಂಡು ಮೇಲಿನ ದೇಹವನ್ನು ಮಾತ್ರ ದೊಡ್ಡದು ಮಾಡಿದರು. ಎದುರಿನಿಂದ ನೋಡಿದರೆ ದಪ್ಪ ಮನುಷ್ಯ ಕಾಲು ಜೋಡಿಸಿಕೊಂಡು ನಿಂತ ಹಾಗೆ ಕಾಣುತ್ತೆ. ಸುಳ್ಳು ಅಂತ ಎಲ್ಲರಿಗೂ ಗೊತ್ತು. 1938ರಲ್ಲಿ ಹಾರ್ನ್‌ಬಿ ಡಬ್ಲೋ ಬಂದಾಗಿನಿಂದ ಇವತ್ತಿನವರೆಗೂ ಬಹುಪಾಲು ಜನ ಒಪ್ಪಿಕೊಂಡಿದ್ದಾರೆ, ಯಾಕಂದ್ರೆ ಆ ಸುಳ್ಳಿನಿಂದ ರೈಲು ಓಡುತ್ತೆ. ಒಪ್ಪದವರು 18.83ಕ್ಕೆ ತಾವೇ ಹಳಿ ಹಾಕಿಕೊಂಡು, ಚಕ್ರ ಬದಲಿಸಿಕೊಂಡು ತಪಸ್ಸು ಮಾಡ್ತಾರೆ. ಅವರಿಗೆ ನನ್ನ ನಮಸ್ಕಾರ. ಮಿಕ್ಕವರ ಮಟ್ಟಿಗೆ ಮೊದಲು ಓಟ, ಆಮೇಲೆ ನೋಟ ಅನ್ನೋದು ಈ ಹವ್ಯಾಸದ ಅಡಿಪಾಯದ ಕರಾರು. ಈಗ ಮುರಿದಿರೋದು ಆ ಕರಾರು.

ಹಳೇದೆಲ್ಲ ಚಿನ್ನ ಅಂತ ಹೇಳೋಕೆ ಬಂದಿಲ್ಲ. 1970, 80ರ ದಶಕದ ಎಷ್ಟೋ ಇಂಜಿನ್‌ಗಳಲ್ಲಿ ಮೋಟಾರು ಇರುತ್ತಿದ್ದದ್ದು ಇಂಜಿನ್ನಲ್ಲಲ್ಲ, ಹಿಂದೆ ಕಲ್ಲಿದ್ದಲು ಹೊರುವ ಟೆಂಡರಿನಲ್ಲಿ. ಟೆಂಡರು ಇಂಜಿನ್ನನ್ನು ತಳ್ಳಿಕೊಂಡು ಹೋಗ್ತಿತ್ತು, ಮಿಕ್ಸಿಯಲ್ಲಿ ಕೊಬ್ಬರಿ ರುಬ್ಬಿದ ಹಾಗೆ ಸದ್ದು ಬೇರೆ. ಹಿಡಿಕಂಬಿಗಳೆಲ್ಲ ದೇಹದ ಜೊತೆಗೇ ಎರಕವಾದ ಉಬ್ಬುಗೆರೆಗಳು. ಇವತ್ತಿನ ಒಳ್ಳೆಯ ಇಂಜಿನ್ನು ಹಳಿ ಮೇಲೆ ಸರಿಯಾಗಿ ಕೂತರೆ, ಮನುಷ್ಯ ನಡೆಯೋ ವೇಗಕ್ಕೆ ಇಳಿಸಿದರೂ ಮುಗ್ಗರಿಸದೆ, ಸದ್ದಿಲ್ಲದೆ ತೆವಳುತ್ತೆ. ಬಣ್ಣದ ಅಂಚು, ಬಾಯ್ಲರಿನ ಪಟ್ಟಿ, ಡ್ರೈವರ್ ಕೋಣೆಯೊಳಗಿನ ಗೇಜುಗಳ ಮುಳ್ಳು, ಎಲ್ಲ ಭೂತಗನ್ನಡಿ ಹಿಡಿದು ನೋಡುವಂಥವು. ಕೂತರೆ ಅಂದೆನಲ್ಲ, ಸಮಸ್ಯೆ ಆ 'ರೆ'ಯಲ್ಲಿದೆ. ಹಳಿಯ ಮೇಲೆ ಕೂರಿಸೋಕೆ ಮೊದಲು ಡಬ್ಬಿಯಿಂದ ತೆಗೀಬೇಕು.

ಡಬ್ಬಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಏಕೆಂದರೆ ವಿಮರ್ಶೆ ಬರೆಯುವವರು ಯಾರೂ ಇದನ್ನು ಗಂಭೀರವಾಗಿ ತಗೊಳ್ಳಲ್ಲ. ಹೊರಗೆ ರಟ್ಟಿನ ತೋಳು, ಒಳಗೆ ಫೋಮು ಅಥವಾ ಪಾರದರ್ಶಕ ಪ್ಲಾಸ್ಟಿಕ್ಕಿನ ಚಿಪ್ಪು. ಕೆಲವದರಲ್ಲಿ ಇಂಜಿನ್ನನ್ನು ಅಡಿಯಿಂದ ಸ್ಕ್ರೂ ಹಾಕಿ ಪೀಠಕ್ಕೆ ಬಿಗಿದಿರ್ತಾರೆ. ಆ ಸ್ಕ್ರೂ ಬಿಚ್ಚಬೇಕಾದರೆ ಮಗುಚಬೇಕು, ಮಗುಚಬೇಕಾದರೆ ಮೇಲ್ಭಾಗವನ್ನು ಹಿಡೀಬೇಕು. ಮೇಲ್ಭಾಗದಲ್ಲಿ ಏನಿದೆ? ಅರ್ಧ ಮಿಲಿಮೀಟರಿಗೂ ತೆಳ್ಳಗಿರೋ ತಂತಿಯ ಹಿಡಿಕಂಬಿ, ಅಂಟು ಹಚ್ಚಿ ನಿಲ್ಲಿಸಿದ ಸೀಟಿ, ಬಾಯ್ಲರಿನ ಪಕ್ಕ ಹಾಯುವ ಕೊಳವೆ. ಕೆಳಗೆ ಹಿಡೀತೀನಿ ಅಂದರೆ ಅಲ್ಲಿ ಬ್ರೇಕಿನ ಕಂಬಿ, ಚಕ್ರದ ಮುಂದೆ ಮರಳು ಸುರಿಯುವ ಪೈಪು, ಮೆಟ್ಟಿಲು. ಪಕ್ಕದಲ್ಲಿ ಹಿಡಿದರೆ ಪಿಸ್ಟನ್ನಿನ ಸರಳುಗಳು. ನಿಜವಾದ ಇಂಜಿನ್ನನ್ನು ಕ್ರೇನಿನಲ್ಲಿ ಎತ್ತೋಕೆ ಕೊಕ್ಕೆ ಎಲ್ಲಿ ಸಿಗಿಸಬೇಕು ಅಂತ ವರ್ಕ್‌ಶಾಪಿನವರಿಗೆ ಗೊತ್ತಿತ್ತು, ಅದಕ್ಕೆ ಜಾಗ ಮಾಡಿರ್ತಿದ್ದರು. ದೀಪ ಸಿಗಿಸುವ ಕೊಕ್ಕೆಯನ್ನೂ ಬಿಡದೆ ನಕಲು ಮಾಡುವ ಮಾಡೆಲ್ ಕಂಪನಿಗಳಿಗೆ ಇಂಜಿನ್ನನ್ನು ಎತ್ತುವ ಜಾಗ ಕೊಡಬೇಕು ಅಂತ ಮಾತ್ರ ಹೊಳೆದಿಲ್ಲ.

ಎತ್ತಿದಿರಿ, ಕೂರಿಸಿದಿರಿ ಅಂತಿಟ್ಟುಕೊಳ್ಳಿ. ಡಬ್ಬಿಯ ಮೂಲೆಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಚೀಲ ಉಳಿದಿರುತ್ತೆ. ಅದರಲ್ಲಿ ಮುಂದಿನ ಮೆಟ್ಟಿಲುಗಳು, ಸಿಲಿಂಡರಿನ ನೀರು ಬಸಿಯುವ ಕೊಳವೆಗಳು, ಕೆಲವು ಸಲ ಬ್ರೇಕಿನ ಕಂಬಿಯೂ ಇರುತ್ತೆ. ಇವನ್ನು ನೀವೇ ಅಂಟಿಸಿಕೊಳ್ಳಿ, ಆದರೆ ಬಿಗಿಯಾದ ತಿರುವಿನಲ್ಲಿ ಓಡಿಸೋದಾದರೆ ಅಂಟಿಸಬೇಡಿ ಅಂತ ಸೂಚನೆ. ಮನೆಗಳಲ್ಲಿ ಹಾಕುವ ಸಾಮಾನ್ಯ ತಿರುವು, 'ಸೆಕೆಂಡ್ ರೇಡಿಯಸ್' ಅಂತಾರಲ್ಲ, ಅದರ ತ್ರಿಜ್ಯ 438 ಮಿಲಿಮೀಟರ್. ನಿಜದ ಲೆಕ್ಕಕ್ಕೆ ತಂದರೆ ಸುಮಾರು 33 ಮೀಟರ್. ಅಷ್ಟು ಬಿಗಿಯಾದ ತಿರುವಿಗೆ ನಿಜವಾದ ಎಕ್ಸ್‌ಪ್ರೆಸ್ ಇಂಜಿನ್ನು ಇಳಿದರೆ ಪಕ್ಕದ ಹೊಲದಲ್ಲಿ ಮಲಗುತ್ತೆ. ಹಾಗಾಗಿ ಈ ಮೆಟ್ಟಿಲುಗಳು ಚಕ್ರಕ್ಕೆ ತಗುಲೋದು ಸಹಜ, ಅದನ್ನು ತಪ್ಪು ಅನ್ನಲ್ಲ. ಆದರೆ ಇದರ ಅರ್ಥ ನೋಡಿ. ಕೊಂಡ ಚೆಂದವನ್ನು ಪೂರ್ತಿ ಹಾಕಿದರೆ ಓಡಲ್ಲ, ಓಡಿಸಬೇಕಾದರೆ ಕೊಂಡ ಚೆಂದದ ಒಂದು ಪಾಲು ಚೀಲದಲ್ಲೇ ಉಳಿಯುತ್ತೆ. ಜಾಹೀರಾತಿನ ಫೋಟೋದಲ್ಲಿ ಮಾತ್ರ ಅದು ಸರ್ವಾಲಂಕಾರ ಭೂಷಿತ.

ಇನ್ನು ಒಳಗಿನ ಕಥೆ. ಉಗಿ ಇಂಜಿನ್ನಿನ ಎಡ ಬಲ ಚಕ್ರಗಳಲ್ಲಿ ಸರಳು ಕೂರುವ ಗೂಟಗಳು ಒಂದಕ್ಕೊಂದು ಕಾಲು ಸುತ್ತು, ಅಂದರೆ 90 ಡಿಗ್ರಿ ಹಿಂದೆ ಮುಂದೆ ಇರಬೇಕು. ಮಾಡೆಲ್‌ನಲ್ಲೂ ಹಾಗೇ, ಮತ್ತು ಎಲ್ಲ ಆಕ್ಸೆಲ್‌ಗಳಲ್ಲೂ ಒಂದೇ ಲೆಕ್ಕದಲ್ಲಿರಬೇಕು. ಚಕ್ರವನ್ನು ಆಕ್ಸೆಲ್‌ಗೆ ಬರೀ ಒತ್ತಿ ಕೂರಿಸಿರ್ತಾರೆ. ಅದು ಕೂದಲೆಳೆಯಷ್ಟು ಜಾರಿದರೆ ಸಾಕು, ಸರಳುಗಳು ಒಂದನ್ನೊಂದು ಎಳೆದಾಡಿ ಇಂಜಿನ್ನು ಪ್ರತಿ ಸುತ್ತಿಗೂ ಕುಂಟುತ್ತೆ. ಆಕ್ಸೆಲ್ ಮೇಲಿನ ಹಲ್ಲುಚಕ್ರ ಪ್ಲಾಸ್ಟಿಕ್ಕಿನದು. ವರ್ಷ ಕಳೆದಂತೆ ಅದು ಕುಗ್ಗಿ, ಒಳಗಿರುವ ಲೋಹ ಕುಗ್ಗದೆ, ಸೀಳು ಬಿಡುತ್ತೆ. ಎರಡು ಚಕ್ರಗಳ ಒಳಮೈ ನಡುವಿನ ಅಂತರ 14.5 ಮಿಲಿಮೀಟರಿನ ಆಸುಪಾಸು ಇರಬೇಕು. ಅದು ಸ್ವಲ್ಪ ಕಮ್ಮಿಯಾದರೂ ಹಳಿ ಕವಲೊಡೆಯುವ ಕಡೆ ಪ್ರತಿಸಲ ಕೆಳಗಿಳಿಯುತ್ತೆ. ನೀವು ಹಳಿ ಹಾಕಿದ್ದೇ ಸರಿಯಿಲ್ಲ ಅಂದುಕೊಂಡು ಒಂದು ಶನಿವಾರ ಪೂರ್ತಿ ಹಳಿ ಕಿತ್ತು ಮತ್ತೆ ಹಾಕ್ತೀರಿ. ಇವೆಲ್ಲ ನಿಗೂಢ ದೋಷಗಳೇನಲ್ಲ. ಒಂದು ವರ್ನಿಯರ್ ಕ್ಯಾಲಿಪರು, ಒಂದು ತುಂಡು ತಿರುವಿನ ಹಳಿ, ಹತ್ತು ನಿಮಿಷ ಇದ್ದರೆ ಕಾರ್ಖಾನೆಯಲ್ಲೇ ಸಿಗುವಂಥವು.

ನನ್ನದೇ ಒಂದು ಇಂಜಿನ್ನಿನ ಕಥೆ ಕೇಳಿ. ಕಂಪನಿ ಹೆಸರು ಬೇಡ. ಗೆಳೆಯನೊಬ್ಬ ಹಿಂದಿನ ಡಿಸೆಂಬರಿನಲ್ಲಿ ಕೈಚೀಲದಲ್ಲಿಟ್ಟು, ಮಗುವಿನ ಹಾಗೆ ತೊಡೆ ಮೇಲೆ ಇರಿಸಿಕೊಂಡು ತಂದುಕೊಟ್ಟ. ಡಿಕೋಡರ್ ಚಿಪ್ಪು ಇರೋದು ಟೆಂಡರಿನಲ್ಲಿ, ಮೋಟಾರು ಇಂಜಿನ್ನಿನಲ್ಲಿ, ನಡುವೆ ಅಕ್ಕಿಕಾಳಿನ ಗಾತ್ರದ ಪ್ಲಗ್ಗು, ಅದಕ್ಕೆ ನಾಲ್ಕು ತಂತಿ. ಡಬ್ಬಿಯಲ್ಲಿ ಇಂಜಿನ್ನು ಟೆಂಡರು ಬೇರೆ ಬೇರೆ ಮಲಗಿರ್ತಾವೆ, ಹಾಗಾಗಿ ಪ್ರತಿಸಲ ಚಿಮುಟದಲ್ಲಿ ಪ್ಲಗ್ಗು ಹಾಕಬೇಕು, ಪ್ರತಿಸಲ ಕೀಳಬೇಕು. ಮೂರನೇ ಸಲಕ್ಕೆ ತಂತಿ ಪ್ಲಗ್ಗಿನ ಬುಡದಲ್ಲಿ ತುಂಡಾಯ್ತು. ಎಸ್.ಪಿ. ರೋಡಿನಲ್ಲಿ ಮೊಬೈಲ್ ಬೋರ್ಡು ರಿಪೇರಿ ಮಾಡುವ ಹುಡುಗನೊಬ್ಬ ಮೈಕ್ರೋಸ್ಕೋಪಿನಡಿ ಇಟ್ಟು ಕಾಲು ಗಂಟೆಯಲ್ಲಿ ಬೆಸುಗೆ ಹಾಕಿಕೊಟ್ಟ. "ತಂತಿ ಇನ್ನೊಂದು ಸೆಂಟಿಮೀಟರ್ ಉದ್ದ ಬಿಟ್ಟಿದ್ರೆ ಇದು ಕಟ್ಟಾಗ್ತಿರ್ಲಿಲ್ಲ ಸಾರ್" ಅಂದ. ನಾನು ಈ ವರ್ಷ ಓದಿದ ಎಲ್ಲ ಮಾಡೆಲ್ ವಿಮರ್ಶೆಗಳಿಗಿಂತ ಒಳ್ಳೆಯ ವಿಮರ್ಶೆ ಅದು. ಬಿಡಿ ಪ್ಲಗ್ಗು ಕಳಿಸ್ತೀರಾ ಅಂತ ಕಂಪನಿಗೆ ಬರೆದೆ. ಆ ತಂಡದ ಉತ್ಪಾದನೆ ಮುಗಿದಿದೆ, ಬಿಡಿಭಾಗ ಇಲ್ಲ, ವಾಪಸ್ ಕಳಿಸಿದರೆ ದುಡ್ಡು ಕೊಡ್ತೀವಿ ಅಂತ ಬಹಳ ವಿನಯದ ಉತ್ತರ ಬಂತು. ಇನ್ನೂರು ಪೌಂಡ್ ದಾಟಿದ ವಸ್ತುವಿಗೆ ನಾಲ್ಕು ತಂತಿಯ ತುಂಡು ಇಲ್ಲ, ಆದರೆ ಅದನ್ನು ಎಸೆದು ದುಡ್ಡು ವಾಪಸ್ ಕೊಡುವುದಕ್ಕೆ ವ್ಯವಸ್ಥೆ ಇದೆ.

ಬಿಡಿಭಾಗ ಯಾಕಿಲ್ಲ ಅನ್ನೋದಕ್ಕೆ ಉತ್ತರ ಚೀನಾದ ಗ್ವಾಂಗ್‌ಡಾಂಗ್ ಕಡೆ ಇದೆ. ಒಂದು ಕಾಲಕ್ಕೆ ಹಾರ್ನ್‌ಬಿ ಇಂಜಿನ್‌ಗಳು ಇಂಗ್ಲೆಂಡಿನ ಸಮುದ್ರದಂಡೆಯ ಮಾರ್ಗೇಟ್ ಊರಿನಲ್ಲೇ ತಯಾರಾಗ್ತಿದ್ದವು. 1990ರ ದಶಕದ ಕೊನೆಯ ಹೊತ್ತಿಗೆ ತಯಾರಿಕೆ ಚೀನಾಕ್ಕೆ ಹೋಯ್ತು. ಗುಣಮಟ್ಟ ಇಳೀತು ಅಂತ ಹೇಳೋದು ಸುಲಭ, ಆದರೆ ಆಗಿದ್ದು ಉಲ್ಟಾ. ಕೈಕೆಲಸ ಅಗ್ಗವಾದ್ದರಿಂದ ನೂರಾರು ಚೂರುಗಳನ್ನು ಬಿಡಿಬಿಡಿಯಾಗಿ ಮಾಡಿ ಕೈಯಿಂದ ಅಂಟಿಸೋದು ಸಾಧ್ಯವಾಯ್ತು. ನಾವು ಹೊಗಳುವ ಸೂಕ್ಷ್ಮತೆಯೆಲ್ಲ ಅಲ್ಲಿ ಮೇಜಿನ ಮುಂದೆ ಕೂತು ಸೀಟಿ ಅಂಟಿಸುವವರ ಬೆರಳಿನದು. 2008-09ರ ಸುಮಾರಿಗೆ ಹಾರ್ನ್‌ಬಿಗೆ ಮಾಡಿಕೊಡುತ್ತಿದ್ದ ಸಾಂಡಾ ಕಾನ್ ಎಂಬ ಕಾರ್ಖಾನೆಯನ್ನು ಕೇಡರ್ ಸಮೂಹ ಕೊಂಡಿತು. ಈ ಕೇಡರ್ ಯಾರು ಅಂದರೆ ಹಾರ್ನ್‌ಬಿಯ ನೇರ ಎದುರಾಳಿ ಬಾಕ್‌ಮನ್‌ನ ಒಡೆಯರು! ಪಕ್ಕದ ಹೋಟೆಲಿನವನೇ ನಿಮ್ಮ ಅಡುಗೆಮನೆ ಕೊಂಡುಕೊಂಡ ಹಾಗೆ. ಮುಂದಿನ ವರ್ಷಗಳಲ್ಲಿ ಹಾರ್ನ್‌ಬಿಗೆ ಮಾಲು ಸಮಯಕ್ಕೆ ಬರದೆ ಪಟ್ಟ ಪಾಡು ಈ ಹವ್ಯಾಸದವರಿಗೆಲ್ಲ ಗೊತ್ತು. ಒಟ್ಟಿನಲ್ಲಿ ಈಗಿನ ಕ್ರಮ ಇದು. ಕಾರ್ಖಾನೆಯಲ್ಲಿ ಒಂದು ಸರದಿ ಸಿಗುತ್ತೆ, ಬಂದ ಮುಂಗಡ ಆರ್ಡರಿಗೆ ತಕ್ಕಷ್ಟು ಇಂಜಿನ್ ಮಾಡ್ತಾರೆ, ಅಚ್ಚು ಎತ್ತಿಡ್ತಾರೆ, ಇನ್ನೊಬ್ಬರ ಸರದಿ. ಬಿಡಿಭಾಗಕ್ಕೆ ಅಂತ ಇನ್ನೊಂದಷ್ಟು ಎರಕ ಹೊಯ್ಯೋಕೆ ಲೆಕ್ಕದಲ್ಲಿ ಜಾಗ ಇರಲ್ಲ.

ನಮ್ಮಲ್ಲಿ ಅರ್ಧಕ್ಕರ್ಧ ಜನ ಸಾಫ್ಟ್‌ವೇರಿನವರು, ನಮಗೆ ಈ ರೋಗ ಚೆನ್ನಾಗಿ ಗೊತ್ತು. ಶುಕ್ರವಾರ ರಿಲೀಸ್ ಮಾಡು, ಬಳಕೆದಾರ ಬಗ್ ಹುಡುಕಲಿ, ಸೋಮವಾರ ನೋಡೋಣ. ಆದರೆ ನಮಗೆ ಪ್ಯಾಚ್ ಅಂತ ಒಂದು ಇದೆ ಮಾರಾಯ್ರೆ. ಸೀಳಿದ ಹಲ್ಲುಚಕ್ರಕ್ಕೆ ರಾತ್ರಿ ಚಾರ್ಜಿಗೆ ಹಾಕಿದರೆ ಅಪ್‌ಡೇಟ್ ಇಳಿಯುತ್ತಾ?

ಎಲ್ಲಕ್ಕಿಂತ ಭಯ ಹುಟ್ಟಿಸುವ ದೋಷವನ್ನು ಇನ್ನೂ ಹೇಳಿಲ್ಲ. ಇಂಜಿನ್ನಿಗೆ ತೂಕ ಬರಲಿ, ಹಳಿ ಕಚ್ಚಿ ಎಳೆಯಲಿ ಅಂತ ಚಾಸಿಯನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ತಾರೆ. ಬ್ರಿಟನ್ನಿನಲ್ಲಿ ಮಜಾಕ್ ಅಂತಾರೆ, ಬೇರೆ ಕಡೆ ಜಮಾಕ್. ಈ ಸತುವಿನಲ್ಲಿ ಸೀಸವೋ ತವರವೋ ಚೂರು ಬೆರೆತಿದ್ದರೂ ಲೋಹದ ಕಣಗಳ ಅಂಚಿನಲ್ಲಿ ಒಳಗೊಳಗೇ ತುಕ್ಕು ಹಬ್ಬುತ್ತೆ. ಕೊಂಡ ದಿನ ಏನೂ ಗೊತ್ತಾಗಲ್ಲ. ವರ್ಷಗಳ ನಂತರ ಚಾಸಿ ಉಬ್ಬುತ್ತೆ, ಬಾಳೆಕಾಯಿಯ ಹಾಗೆ ಬಾಗುತ್ತೆ, ಮೇಲಿನ ಪ್ಲಾಸ್ಟಿಕ್ ದೇಹವನ್ನೂ ಸೀಳುತ್ತೆ, ಕೊನೆಗೆ ಮುಟ್ಟಿದರೆ ಹಳೇ ಬಿಸ್ಕತ್ತಿನ ಹಾಗೆ ಉದುರುತ್ತೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಹಾರ್ನ್‌ಬಿ, ಮಾರ್ಕ್ಲಿನ್ ಮಾಡೆಲ್‌ಗಳು ಎಷ್ಟೋ ಹೀಗೆ ಸತ್ತಿವೆ. ಆಗ ಕಾರಣ ಇತ್ತು ಅಂತ ಬೇಕಾದರೆ ಹೇಳೋಣ. ಆದರೆ 1929ರಲ್ಲೇ ನ್ಯೂಜೆರ್ಸಿ ಜಿಂಕ್ ಕಂಪನಿ ಅತಿ ಶುದ್ಧ ಸತು ಬಳಸಿದರೆ ಈ ರೋಗ ಬರಲ್ಲ ಅಂತ ಈ ಮಿಶ್ರಲೋಹವನ್ನು ರೂಪಿಸಿತ್ತು. ಅಷ್ಟು ಹಳೆಯ ಪಾಠ ಇದ್ದೂ ಈ ಶತಮಾನದಲ್ಲಿ ಚೀನಾದಲ್ಲಿ ತಯಾರಾದ ಕೆಲವು ಡೀಸೆಲ್ ಇಂಜಿನ್ ಮಾಡೆಲ್‌ಗಳ ಚಾಸಿಯಲ್ಲಿ ಅದೇ ರೋಗ ಮತ್ತೆ ಬಂತು. ಡಬ್ಬಿ ಬಿಚ್ಚದೆ ಜೋಪಾನ ಮಾಡಿದವರಿಗೂ ಬಂತು, ಏಕೆಂದರೆ ಇದಕ್ಕೂ ಬಳಕೆಗೂ ಸಂಬಂಧವೇ ಇಲ್ಲ. ಬಿಡಿ ಚಾಸಿ ಇಲ್ಲ ಅಂತ ಮೊದಲೇ ಹೇಳಿದೆನಲ್ಲ.

ಇದನ್ನೆಲ್ಲ ವಿಮರ್ಶಕರು ಹಿಡಿಯಬೇಕಿತ್ತು. ಅವರ ಕೈಗೆ ಹೋಗೋದು ಒಂದೇ ಒಂದು ಇಂಜಿನ್ನು, ಎಷ್ಟೋ ಸಲ ಕಂಪನಿಯೇ ಕಳಿಸಿದ್ದು. ಉದ್ದ ಅಳೀತಾರೆ, ಹಸಿರು ಬಣ್ಣ ಆ ಇಸವಿಯ ಹಸಿರೋ ಅಲ್ಲವೋ ಅಂತ ಎರಡು ಪ್ಯಾರಾ ಬರೀತಾರೆ, ಉರುಳೆಗಳ ಮೇಲೆ ನಿಂತಲ್ಲೇ ಓಡಿಸಿ ವಿಡಿಯೋ ಮುಗಿಸ್ತಾರೆ. ಇಪ್ಪತ್ತು ಸಲ ಡಬ್ಬಿಯಿಂದ ತೆಗೆದು ಇಟ್ಟರೆ ಏನು ಉದುರುತ್ತೆ, 30 ಅಡಿಗೆ ಒಂದಡಿ ಏರುವ ಹಳಿಯಲ್ಲಿ ಎಷ್ಟು ಬೋಗಿ ಎಳೆಯುತ್ತೆ, ಮೋಟಾರಿನ ಬ್ರಷ್ಷು ಬದಲಿಸಬಹುದಾ ಅಂತ ಬರೆದವರನ್ನು ಹುಡುಕಿಕೊಂಡು ಹೋಗಬೇಕು. ಅಷ್ಟರಲ್ಲಿ ಮುಂಗಡ ಬುಕಿಂಗಿನಲ್ಲೇ ಮಾಲು ಖಾಲಿ.

ಕೊಳ್ಳುವ ನಾವೂ ಏನು ಸಾಚಾಗಳಲ್ಲ. 2012-13ರ ಹೊತ್ತಿಗೆ ಹಾರ್ನ್‌ಬಿ 'ಡಿಸೈನ್ ಕ್ಲೆವರ್' ಅಂತ ಒಂದು ಪ್ರಯೋಗ ಮಾಡಿತು. ಬಿಡಿ ಚೂರುಗಳನ್ನು ಕಮ್ಮಿ ಮಾಡೋದು, ಹಿಡಿಕಂಬಿಯನ್ನು ದೇಹದ ಜೊತೆಗೇ ಎರಕ ಮಾಡೋದು, ಖರ್ಚು ಇಳಿಸೋದು. ಗ್ರೇಟ್ ವೆಸ್ಟರ್ನ್ ರೈಲ್ವೆಯ 'ಸ್ಟಾರ್' ಇಂಜಿನ್ನು ಹೀಗೆ ಬಂತು. ಹವ್ಯಾಸಿಗಳು ಬೊಬ್ಬೆ ಹೊಡೆದರು. ಹಿಡಿಕಂಬಿ ತಂತಿಯದಲ್ಲ, ಬರೀ ಗೆರೆ! ಖರ್ಚು ಉಳಿದದ್ದು ನಮ್ಮ ಜೇಬಿಗೆ ಬರಲಿಲ್ಲ ಅನ್ನುವ ಸಿಟ್ಟೂ ಇತ್ತು, ಅದು ನ್ಯಾಯವೇ. ಆದರೆ ಮುಟ್ಟಿದರೆ ಮುರಿಯದ ಇಂಜಿನ್ನು ಒಂದು ಗುಣ ಅಂತ ಆಗ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಕಂಪನಿ ಆ ದಾರಿ ಬಿಟ್ಟು ಮತ್ತೆ ತಂತಿಗೆ ಬಂತು. ಅದೇ ಕಂಪನಿ ಹಳೆಯ ಅಚ್ಚುಗಳನ್ನು ಬಳಸಿ 'ರೈಲ್‌ರೋಡ್' ಅನ್ನೋ ಹೆಸರಿನಲ್ಲಿ ಕಮ್ಮಿ ಬೆಲೆಯ ಗಟ್ಟಿ ಇಂಜಿನ್‌ಗಳನ್ನೂ ಮಾರುತ್ತೆ. ಗಟ್ಟಿತನ ಬಡವರಿಗೆ, ನಾಜೂಕು ದುಡ್ಡಿದ್ದವರಿಗೆ ಅನ್ನುವ ಹಾಗೆ. ತಲೆಕೆಳಗಾದ ಲೆಕ್ಕ ಅಲ್ವಾ? ಇನ್ನೂರು ಪೌಂಡ್ ಕೊಟ್ಟವನಿಗೆ ಎರಡೂ ಸಿಗಬೇಕು.

1950ರ ದಶಕದಲ್ಲಿ ಶುರುವಾದ ಟ್ರೈ-ಆಂಗ್ ಕಂಪನಿಯ ಎಕ್ಸ್‌ಓ4 ಎಂಬ ಮೋಟಾರಿದೆ. ಬ್ರಷ್ಷು, ಸ್ಪ್ರಿಂಗು, ಆಯಸ್ಕಾಂತ, ಎಲ್ಲ ಕಣ್ಣಿಗೆ ಕಾಣುವ ಹಾಗೆ ಹೊರಗೇ ಇರ್ತಾವೆ. ಬಿಡಿಭಾಗ ಇವತ್ತಿಗೂ ಸಿಗುತ್ತೆ. ಅದರ ಸದ್ದು ನನಗೆ ಸಹಿಸೋಕಾಗಲ್ಲ, ಅದು ಬೇರೆ ಮಾತು. ಇವತ್ತಿನ ಮೋಟಾರು ಮುಚ್ಚಿದ ಡಬ್ಬಿ, ಎಷ್ಟೋ ಇಂಜಿನ್‌ಗಳಲ್ಲಿ ಅದರವರೆಗೆ ತಲುಪಬೇಕಾದರೆ ಹತ್ತು ಅಂಟಿಸಿದ ಕೊಳವೆ ಮುರೀಬೇಕು. ನಯವಾದ ಓಟವನ್ನೂ ಬಿಚ್ಚಿ ಜೋಡಿಸುವ ಅನುಕೂಲವನ್ನೂ ಒಟ್ಟಿಗೆ ಕೇಳೋದು ದುರಾಸೆ ಅಂತ ನನಗನ್ನಿಸಲ್ಲ. ದೇಹಕ್ಕೆ ಎರಡು ಸ್ಕ್ರೂ, ಟೆಂಡರಿಗೆ ಎಳೆಗೊಂಡಿಯಲ್ಲೇ ವಿದ್ಯುತ್ ಸಂಪರ್ಕ, ಡಿಕೋಡರ್ ಜಾಗಕ್ಕೆ ಆಯಸ್ಕಾಂತದ ಮುಚ್ಚಳ. ಇತ್ತೀಚಿನ ಕೆಲವು ಇಂಜಿನ್‌ಗಳಲ್ಲಿ ಇವು ಬಂದಿವೆ. ಅಂದರೆ ಆಗುತ್ತೆ, ಮನಸ್ಸು ಮಾಡಬೇಕು.

ಬ್ರಿಟನ್ನಿನಲ್ಲಿ ಕೊಂಡವನಿಗೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಇದೆ. ದೋಷವಿದ್ದರೆ 30 ದಿನದೊಳಗೆ ವಾಪಸ್ ಕೊಟ್ಟು ದುಡ್ಡು ಕೇಳಬಹುದು, ಆರು ತಿಂಗಳೊಳಗೆ ಕಂಡ ದೋಷ ಮಾರುವಾಗಲೇ ಇತ್ತು ಅಂತಲೇ ಎಣಿಕೆ. ನಮಗೆ ಇಲ್ಲಿ ಸಮುದ್ರ ಅಡ್ಡ. ಸ್ಕೇಲ್ ಮಾಡೆಲ್‌ಗಳೂ ಕಸ್ಟಮ್ಸ್ ಲೆಕ್ಕದಲ್ಲಿ ಆಟಿಕೆಗಳ ಸಾಲಿಗೇ ಬರ್ತಾವೆ. ಆಟಿಕೆಗಳ ಮೂಲ ಸುಂಕ 2020ರ ಬಜೆಟ್‌ನಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಸುಂಕ ಕಟ್ಟಿ ತರಿಸಿದ್ದನ್ನು ರಿಪೇರಿಗೆ ಕಳಿಸಿದರೆ, ವಾಪಸ್ ಬರುವಾಗ ಇದು ಹಳೇ ಮಾಲೇ ಸ್ವಾಮಿ ಅಂತ ಮತ್ತೆ ಕಾಗದ ಹಿಡಿದು ವಾದಿಸಬೇಕು. ಹಾಗಾಗಿ ಇಲ್ಲಿ ಕೊಳ್ಳುವವರಿಗೆ ಹೇಳೋದು ಇಷ್ಟು. ಬಣ್ಣದ ಫೋಟೋ ಆಮೇಲೆ ನೋಡಿ. ಮೊದಲು ಅಡಿಭಾಗದ ಫೋಟೋ ಹುಡುಕಿ, ಸ್ಕ್ರೂಗಳು ಕಾಣುತ್ತಾ ನೋಡಿ, ಬಿಡಿಭಾಗಗಳ ಪಟ್ಟಿ ಇದೆಯಾ ಕೇಳಿ. ಮೊದಲ ತಂಡ ಬಂದು ಆರು ತಿಂಗಳಾಗಲಿ, ಇಂಗ್ಲೆಂಡಿನವರು ಓಡಿಸಿ ಬೈಯಲಿ. ತರುವ ಗೆಳೆಯನಿಗೆ ಅಲ್ಲೇ ಡಬ್ಬಿ ತೆರೆದು ಹಳಿ ಮೇಲೆ ಅರ್ಧ ಗಂಟೆ ಮುಂದಕ್ಕೆ, ಅರ್ಧ ಗಂಟೆ ಹಿಂದಕ್ಕೆ ಓಡಿಸಿಯೇ ಪ್ಯಾಕ್ ಮಾಡು ಅಂತ ಹೇಳಿ. ಅವನ ಮನೆಯಲ್ಲಿ ಹಳಿ ಇಲ್ಲದಿದ್ದರೆ ಮಾರುವ ಅಂಗಡಿಯಲ್ಲೇ ಓಡಿಸಿ ತೋರಿಸೋಕೆ ಕೇಳಲಿ. ಒಳ್ಳೆಯ ಅಂಗಡಿಯವರು ಇಲ್ಲ ಅನ್ನಲ್ಲ. ಅನ್ನುವವರ ಹತ್ತಿರ ಕೊಳ್ಳೋದು ಬೇಡ.